ಮೂಲೆಯ ಪೆಟ್ಟಿಗೆಗೂ ಬೇಕು ಆರೈಕೆ

ರೋಣದ ನೆರೆಯ ಬೆಳವಣಕಿಯಂಥ ಎರೆಭೂಮಿಯ ಊರುಗಳಲ್ಲಿ ಮಣ್ಣಿನ ಮಾಳಿಗೆಯುಳ್ಳವರು ಮಳೆಗಾಲಕ್ಕೆ ಮುನ್ನವೇ ಮೇಲೇರಿ ಬಿರುಕಿಗೆ ಹೊಸ ಮಣ್ಣು ಹಾಕುತ್ತಾರೆ. ಸೋರಿದ ಮೇಲೆ ಎಚ್ಚರಗೊಂಡು ಫಲವೇನು? ಆದರೆ ಮನೆಗೆಲ್ಲ ಇಂಟರ್‌ನೆಟ್ಟನ್ನು ಹಂಚುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಗೆ ಈ ಭಾಗ್ಯವಿಲ್ಲ. ಗೋಡೆಗೇರಿದ ದಿನದಿಂದ ಅದನ್ನು ಕೇಳುವವರೇ ಇಲ್ಲ.

ರೂಟರೂ ಒಂದು ಚಿಕ್ಕ ಕಂಪ್ಯೂಟರೇ. ಅದನ್ನು ನಡೆಸುವ, ವಿದ್ಯುತ್ತು ಹೋದರೂ ಅಳಿಯದ ಆಜ್ಞಾವಳಿಗೆ ಫರ್ಮ್‌ವೇರ್ ಎಂದು ಹೆಸರು. ಬರೆದವರ ಕಣ್ತಪ್ಪಿನಿಂದ ಅದರಲ್ಲಿಯೂ ಬಿರುಕುಗಳು ಉಳಿಯುವುದುಂಟು. ತಯಾರಕರು ಅವನ್ನು ಮುಚ್ಚಿ ಹೊಸ ಆವೃತ್ತಿಯನ್ನು ಹೊರಡಿಸುತ್ತಾರೆ. ಅದನ್ನು ಹಾಕಿಕೊಳ್ಳದವರ ಮನೆಯ ಬಿರುಕು ಕಳ್ಳನಿಗೂ ತಿಳಿದ ಬಿರುಕಾಗುತ್ತದೆ.

ಬೀಗವೂ ಭದ್ರವಾಗಿರಬೇಕು. 2017ರ ಜುಲೈ ತಿಂಗಳಲ್ಲಿ ಕರ್ನಾಟಕದ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಮೋಡೆಮುಗಳ ಮೇಲೆ ದುಷ್ಟ ತಂತ್ರಾಂಶವೊಂದು ಎರಗಿತು. ಅದಕ್ಕೆ ಬಲಿಯಾದವು, ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮುಗಳು.

ಆರೈಕೆಯ ಕ್ರಮ ಕಠಿಣವಲ್ಲ. ಮೊದಲು ಪಾಸ್‌ವರ್ಡನ್ನು ಬದಲಿಸಬೇಕು. ಪೆಟ್ಟಿಗೆಯ ತಳದಲ್ಲಿರುವ ಮಾದರಿಯ ಸಂಖ್ಯೆಯನ್ನು ನೋಡಿ, ಅದಕ್ಕೊಪ್ಪುವ ಫರ್ಮ್‌ವೇರನ್ನು ತಯಾರಕರಿಂದಲೇ ಪಡೆಯಬೇಕು. ಸಂಪರ್ಕ ಒದಗಿಸಿದವರೇ ಪೆಟ್ಟಿಗೆಯನ್ನೂ ಕೊಟ್ಟಿದ್ದರೆ ಅವರನ್ನು ಕೇಳಬೇಕು. ಹಳೆಯ ಸೆಟ್ಟಿಂಗುಗಳ ಪ್ರತಿಯೊಂದನ್ನು ತೆಗೆದಿಡಬೇಕು. ಕರೆಂಟು ಹೋಗಿಬರುವ ಹೊತ್ತಿನಲ್ಲಂತೂ ಈ ಕೆಲಸಕ್ಕೆ ಕೈಹಾಕಬಾರದು: ಆಜ್ಞೆಗಳು ಅರ್ಧ ಬರೆದು ನಿಂತರೆ ಪೆಟ್ಟಿಗೆ ಕಲ್ಲಾದೀತು.

ತಯಾರಕರೇ ಕೈಬಿಟ್ಟ ಹಳೆಯ ರೂಟರಿಗೆ ಮಾತ್ರ ಮದ್ದಿಲ್ಲ. ಅದನ್ನು ಬದಲಿಸುವುದೇ ಲೇಸು. ಸೋರುವ ಮಾಳಿಗೆಯ ಕೆಳಗೆ ಪಾತ್ರೆಯಿಟ್ಟು ಎಷ್ಟು ಮಳೆಗಾಲಗಳನ್ನು ಕಳೆಯಲಾದೀತು?