ಸಮುದಾಯಗಳಿಗೆ ಅಂಟಿದ ಹೆಸರುಗಳೂ ಇತಿಹಾಸಕಾರನ ಹೊಣೆಯೂ

ಇತಿಹಾಸದ ಆಕರಗಳನ್ನು ಓದುವ ವಿದ್ಯಾರ್ಥಿಗೆ ಪದೇ ಪದೇ ಎದುರಾಗುವ ತೊಡಕೊಂದಿದೆ. ಹಿಂದಿನ ಶತಮಾನಗಳ ವರದಿ, ಜನಗಣತಿ, ಗ್ಯಾಸೆಟಿಯರುಗಳಲ್ಲಿ ಒಂದೊಂದು ಜಾತಿಗೂ ಮತಕ್ಕೂ ಬುಡಕಟ್ಟಿಗೂ ಒಂದೊಂದು ವಿಶೇಷಣ ಅಂಟಿಕೊಂಡಿರುತ್ತದೆ: ಇವರು ಶೂರರು, ಇವರು ಕಪಟಿಗಳು, ಇವರು ಸೋಮಾರಿಗಳು, ಇವರು ಹುಟ್ಟುಗಳ್ಳರು. ಇಂಥ ಮಾತುಗಳನ್ನು ನಾವು ಬಳಸಬಹುದೇ, ಬಳಸಬಾರದೇ? ಅವು ಕೇವಲ ಹೆಸರುಗಳು, ಹೆಸರಿನಿಂದ ಯಾರಿಗೂ ಗಾಯವಾಗದು ಎಂಬುದು ಒಂದು ಪಕ್ಷ. ಅವನ್ನು ಗ್ರಂಥಗಳಿಂದಲೇ ಅಳಿಸಿಬಿಡಬೇಕೆಂಬುದು ಇನ್ನೊಂದು ಪಕ್ಷ. ಈ ಎರಡನ್ನೂ ನಿದರ್ಶನಗಳ ಸಹಾಯದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಪದದ ಹುಟ್ಟನ್ನು ನೋಡಿ ಅದರ ಯೋಗ್ಯತೆಯನ್ನು ನಿರ್ಣಯಿಸಲಾಗದು ಎಂಬುದನ್ನು ಮೊದಲು ಗಮನಿಸಬೇಕು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಕ್ರೈಸ್ತ ಪಂಥದವರನ್ನು ‘ನಡುಗುವವರು’ ಎಂಬರ್ಥದಲ್ಲಿ ‘ಕ್ವೇಕರ್’ ಎಂದು ವಿರೋಧಿಗಳು ಅಪಹಾಸ್ಯ ಮಾಡಿದರು. ಕಾಲಕ್ರಮದಲ್ಲಿ ಆ ಪಂಥದವರು ಅದನ್ನೇ ತಮ್ಮ ಹೆಸರಾಗಿ ಒಪ್ಪಿಕೊಂಡರು. ಇದಕ್ಕೆ ವಿರುದ್ಧವಾಗಿ, ‘ಹರಿಜನ’ ಎಂಬ ಪದವನ್ನು ಗಾಂಧೀಜಿಯವರು ಗೌರವವನ್ನು ಸೂಚಿಸಲೆಂದೇ ಬಳಕೆಗೆ ತಂದರು. ಆದರೆ 1938ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಅಂಬೇಡ್ಕರರೂ ಅವರ ಪಕ್ಷದವರೂ ಆ ಪದವನ್ನು ಪ್ರತಿಭಟಿಸಿ ಸಭಾತ್ಯಾಗ ಮಾಡಿದರು. ‘ದಲಿತ’ ಎಂಬ ಮಾತಿಗೆ ತುಳಿತಕ್ಕೊಳಗಾದವರು ಎಂಬ ಅರ್ಥವಿದ್ದರೂ, ಆ ಜನರೇ ಅದನ್ನು ಆರಿಸಿಕೊಂಡುದರಿಂದ ಅದು ನೆಲೆಗೊಂಡಿತು. ಬಿರುದಿನಂತೆ ಕಾಣುವ ಪದ ನೋವನ್ನುಂಟುಮಾಡಬಹುದು, ಬೈಗುಳಾಗಿ ಹುಟ್ಟಿದುದು ಅಭಿಮಾನದ ಹೆಸರಾಗಬಹುದು. ಹಾಗಾದರೆ ನಿರ್ಣಾಯಕವಾದುದು ಯಾವುದು? ಹೆಸರನ್ನು ಇಟ್ಟವರಾರು, ಅದರ ಹಿಂದೆ ಯಾವ ಅಧಿಕಾರವಿದೆ, ಅದನ್ನು ಹೊತ್ತವನಿಗೆ ‘ನಾನು ಅಂಥವನಲ್ಲ’ ಎಂದು ತೋರಿಸಲು ಅವಕಾಶವಿದೆಯೇ ಎಂಬುದು.

ಈ ಮಾತಿಗೆ ನಮ್ಮ ದೇಶದ ಇತಿಹಾಸದಲ್ಲಿ ‘ಅಪರಾಧಿ ಬುಡಕಟ್ಟು’ ಎಂಬ ಹೆಸರಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯದು. 1871ರ ಶಾಸನದ ಮೇರೆಗೆ, ಜಾಮೀನಿಗೆ ಅರ್ಹವಲ್ಲದ ಅಪರಾಧಗಳನ್ನು ರೂಢಿಯಾಗಿ ಎಸಗುವರೆಂದು ಸರಕಾರವು ನಂಬಿದ ಇಡೀ ಬುಡಕಟ್ಟನ್ನೇ ಅಪರಾಧಿಯೆಂದು ಘೋಷಿಸಬಹುದಾಗಿದ್ದಿತು. ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಪಟ್ಟಿಗೆ ಸೇರಿದವರು ಅಧಿಕಾರಿಗಳೆದುರು ಹಾಜರಾಗಬೇಕು; ಗೊತ್ತುಪಡಿಸಿದ ಎಲ್ಲೆಯನ್ನು ರಹದಾರಿಯಿಲ್ಲದೆ ದಾಟಬಾರದು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ಕಟ್ಟಲೆ 1911ರ ಶಾಸನದಿಂದ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸಿತು. ಕಮ್ಮಾರನ ಮಗ ಕಮ್ಮಾರನಾಗುವಂತೆ ಕಳ್ಳನ ಮಗ ಕಳ್ಳನಾಗುವನೆಂಬುದೇ ಇದರ ಹಿಂದಿದ್ದ ತರ್ಕ. ಅಪರಾಧವು ವ್ಯಕ್ತಿಯ ಕೃತ್ಯವಾಗಿ ಉಳಿಯದೆ ಹುಟ್ಟಿನ ಗುಣವಾಯಿತು; ಹುಟ್ಟನ್ನು ಅಲ್ಲಗಳೆಯಲು ಯಾರಿಗೆ ಸಾಧ್ಯ?

ಈ ಹೆಸರನ್ನು ಹೊತ್ತವರ ಪೂರ್ವವೃತ್ತಾಂತವು ವಿಚಾರಾರ್ಹವಾಗಿದೆ. ಕೊರವರು, ಕೊರಚರು ಉಪ್ಪನ್ನೂ ದವಸವನ್ನೂ ಕತ್ತೆ ಎತ್ತುಗಳ ಮೇಲೆ ಹೇರಿಕೊಂಡು ಊರೂರಿಗೆ ಒದಗಿಸುತ್ತಿದ್ದವರು. ಟಿಪ್ಪುವಿನ ಮೇಲಿನ ಯುದ್ಧದಲ್ಲಿ, 1791ರ ಸುಮಾರಿಗೆ, ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯವನ್ನು ತಂದು ಮುಟ್ಟಿಸಿದವರಲ್ಲಿ ಬಂಜಾರರು ಪ್ರಮುಖರು. ಆಗ ಅವರ ಅಲೆದಾಟವೇ ಸರಕಾರಕ್ಕೆ ಉಪಕಾರಿಯಾಗಿದ್ದಿತು. ಮುಂದೆ ರೈಲುಮಾರ್ಗವೂ ಉಪ್ಪಿನ ಮೇಲಿನ ಸರಕಾರದ ಹಿಡಿತವೂ ಸೇರಿ ಇಂಥ ಸಾಗಾಣಿಕೆಗಾರರ ಜೀವನೋಪಾಯವನ್ನು ಕಿತ್ತುಕೊಂಡವು. ಆ ಬಳಿಕ ಅದೇ ಅಲೆದಾಟವು ಸಂಶಯಕ್ಕೆ ಕಾರಣವಾಯಿತು. ಮುಂಬಯಿ ಪ್ರಾಂತದ ಸರಕಾರವು ಇಂಥವರಿಗಾಗಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ‘ಸೆಟ್ಲಮೆಂಟು’ಗಳನ್ನು ನಡೆಸಿತು. ಅಲ್ಲಿದ್ದ ತಂತಿಬೇಲಿ ಹೋದ ಮೇಲೂ ಹುಬ್ಬಳ್ಳಿಯಲ್ಲಿ ಸ್ಥಳಕ್ಕೆ ಆ ಹೆಸರು ಉಳಿದುಕೊಂಡಿದೆ.

ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿಯ ವರದಿಯಾದ ಬಳಿಕ, 1952ರ ಆಗಸ್ಟ್ 31ರಂದು ಶಾಸನವು ರದ್ದಾಯಿತು. ಅಂದಿನಿಂದ ಈ ಜನರು ‘ವಿಮುಕ್ತ’ರೆನಿಸಿದರು. ಆದರೆ ಕಾಗದದ ಮೇಲೆ ಅಳಿಸಿದ ಹೆಸರು ಮನಸ್ಸಿನಿಂದ ಅಷ್ಟು ಬೇಗ ಅಳಿಯದೆಂಬುದಕ್ಕೆ ಪ್ರಮಾಣ ಬೇಕಾದರೆ ದೂರ ಹೋಗಬೇಕಾಗಿಲ್ಲ. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು, ಕೆಲವು ರಾಜ್ಯಗಳ ಕಾರಾಗೃಹ ನಿಯಮಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ಕಟ್ಟಲೆಗಳನ್ನೂ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದೆಣಿಸುವ ಕಟ್ಟಲೆಗಳನ್ನೂ ತೊಡೆದುಹಾಕಬೇಕಾಯಿತು. ಶಾಸನವು ಸತ್ತು 72 ವರ್ಷಗಳಾಗಿದ್ದರೂ ಅದರ ಭಾಷೆ ಜೀವಂತವಾಗಿದ್ದಿತು. ಹೆಸರಿನಿಂದ ಗಾಯವಾಗದೆಂಬ ಪಕ್ಷವು ಇಲ್ಲಿಗೆ ಬಿದ್ದುಹೋಗುತ್ತದೆ.

ಹಾಗೆಂದು ಎರಡನೆಯ ಪಕ್ಷವನ್ನೂ ನಾವು ಪೂರ್ಣವಾಗಿ ಒಪ್ಪಲಾರೆವು. ‘ಅಪರಾಧಿ ಬುಡಕಟ್ಟು’ ಎಂಬ ಮಾತನ್ನು ದಾಖಲೆಗಳಿಂದ ಅಳಿಸಿದರೆ ಅನ್ಯಾಯವಲ್ಲ, ಅನ್ಯಾಯದ ಸಾಕ್ಷ್ಯ ಅಳಿಯುತ್ತದೆ. ಆಕರದಲ್ಲಿರುವ ಪದವನ್ನು ಇದ್ದಂತೆಯೇ ಉದ್ಧರಿಸತಕ್ಕುದು. ಅದನ್ನು ಯಾರು, ಯಾವಾಗ, ಏತಕ್ಕೆ ಪ್ರಯೋಗಿಸಿದರೆಂಬುದನ್ನು ಜೊತೆಯಲ್ಲಿಯೇ ಹೇಳತಕ್ಕುದು. ನಮ್ಮ ಸ್ವಂತ ವಾಕ್ಯದಲ್ಲಿ ಮಾತ್ರ ಆ ಜನರು ತಮಗೆ ತಾವು ಒಪ್ಪಿಕೊಂಡ ಹೆಸರನ್ನೇ ಬಳಸತಕ್ಕುದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ‘ಕೊರವರು ಅಪರಾಧಿ ಬುಡಕಟ್ಟಿನವರು’ ಎಂದು ಬರೆಯುವ ವಿದ್ಯಾರ್ಥಿಗೂ ‘ಸರಕಾರವು ಕೊರವರನ್ನು ಅಪರಾಧಿ ಬುಡಕಟ್ಟೆಂದು ಘೋಷಿಸಿತು’ ಎಂದು ಬರೆಯುವವನಿಗೂ ಇರುವ ಅಂತರ ವ್ಯಾಕರಣದ್ದಷ್ಟೇ ಅಲ್ಲ. ಮೊದಲನೆಯವನು ಆಳಿದವರ ತೀರ್ಪನ್ನು ತನ್ನದಾಗಿಸಿಕೊಂಡಿದ್ದಾನೆ. ಎರಡನೆಯವನು ಇತಿಹಾಸವನ್ನು ಬರೆದಿದ್ದಾನೆ. ಈ ಅಂತರವನ್ನು ತರಗತಿಯಲ್ಲಿ ತಿಳಿಯಪಡಿಸುವುದು ಅಧ್ಯಾಪಕರಾದ ನಮ್ಮೆಲ್ಲರ ಕರ್ತವ್ಯ.