ಕ್ಲೀನರ್ ಹುಡುಗನ ಕೈಯಲ್ಲಿ ಏನೇನಿದೆ?

ಹಗಲು ತಟ್ಟೆ ತೊಳೆದು, ಟೇಬಲ್ ಒರೆಸಿ, ಸಂಜೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹೋಟೆಲ್ ಹುಡುಗರು ಎಷ್ಟೋ ಮಂದಿ. ಅವರಲ್ಲಿ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ಸ್ವಂತ ಹೋಟೆಲು ತೆರೆದವರಂತೂ ಇದ್ದೇ ಇದ್ದಾರೆ. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರೂ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು.

2006ರಿಂದ 14 ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವಂತಿಲ್ಲ. ಒಳ್ಳೆಯದೇ ಆಯಿತು. ಈಗ ಕೆಲಸಕ್ಕೆ ಬರುವವರಲ್ಲಿ ಒಡಿಶಾ, ಜಾರ್ಖಂಡದ ಯುವಕರೂ ಇದ್ದಾರೆ. ಐದು ವರ್ಷ ಈರುಳ್ಳಿ ಹೆಚ್ಚಿದವನಿಗೂ ಸಾಂಬಾರಿನ ಅಳತೆ ಹೇಳಿಕೊಡಲು ನಮ್ಮಲ್ಲಿ ಅನೇಕರಿಗೆ ಮನಸ್ಸಿಲ್ಲ. ಕಲಿತರೆ ಪಕ್ಕದ ಹೋಟೆಲಿಗೆ ಹಾರುತ್ತಾನಂತೆ. ಕಲಿಸದಿದ್ದರೂ ಹಾರುತ್ತಾನಲ್ಲ! ಮುಖ್ಯ ಭಟ್ಟರು ಊರಿಗೆ ಹೋದಾಗ ಐನೂರು ಎಲೆಯ ಮದುವೆ ಬಂದರೆ ಆಗುವ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ.

ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ 25 ಕೆಲಸಗಾರರಿಗೆ ಒಬ್ಬ ತರಬೇತಿ ಪಡೆದ ಮೇಲ್ವಿಚಾರಕ ಬೇಕು. ಆ ತರಬೇತಿಗೆ ಮ್ಯಾನೇಜರನ್ನೇ ಏಕೆ ಕಳುಹಿಸಬೇಕು? ಚುರುಕಾದ ಕ್ಲೀನರ್ ಒಬ್ಬನನ್ನು ಕಳುಹಿಸಿ ನೋಡೋಣ. ಮಧ್ಯಾಹ್ನ ಗಿರಾಕಿ ಇಳಿದ ಮೇಲೆ ಒಂದು ಗಂಟೆ ಭಟ್ಟರ ಪಕ್ಕದಲ್ಲಿ ನಿಂತು ಹಿಟ್ಟಿನ ಹದ ಕಲಿಯಲಿ. ಅದು ಅವನ ನಿದ್ದೆಯ ಹೊತ್ತು, ಮಾಲಕರೇ; ಆ ಗಂಟೆಗೂ ಸಂಬಳ ಸೇರಿಸಬೇಕು.