ಬರಿಗೈಯಲ್ಲಿ ಹೊರಬಿದ್ದ ಸೋದರಿಗೆ

ತೌರುಮನೆ ಧಾರವಾಡದಲ್ಲಿ, ಸಂಸಾರ ಪುಣೆಯಲ್ಲಿ. ಗಂಡನ ಹೊಡೆತ ತಾಳಲಾರದೆ, ಮಗುವನ್ನೆತ್ತಿಕೊಂಡು ಸರಿರಾತ್ರಿಯಲ್ಲಿ ಹೊರಬಿದ್ದವಳ ಬಳಿ ರೈಲಿನ ಟಿಕೀಟಿಗೂ ಕಾಸಿಲ್ಲ. ಎಷ್ಟೋ ಮಂದಿ ಮರಳಿ ಅದೇ ಬಾಗಿಲನ್ನು ತಟ್ಟುವುದು ಈ ಬರಿಗೈಯಿಂದಲೇ ಅಲ್ಲವೆ?

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅನ್ನ, ವಸತಿ, ಔಷಧ, ಮಕ್ಕಳ ಪೋಷಣೆ, ಇವಕ್ಕೆ ಹಣ ಕೊಡುವಂತೆ ಮ್ಯಾಜಿಸ್ಟ್ರೇಟರು ಗಂಡನಿಗೆ ಆಜ್ಞಾಪಿಸಬಹುದು. ತೀರ್ಪಿಗೆ ಮೊದಲೇ ಮಧ್ಯಂತರ ಆಜ್ಞೆಯೂ ಉಂಟು. ಅರ್ಜಿಯ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ಇಡಬೇಕೆಂಬುದು ಕಾಯಿದೆಯ ಮಾತು. ಆತ ಕೊಡದೆಹೋದರೆ, ಸಂಬಳದಿಂದಲೇ ಆಕೆಗೆ ಸಲ್ಲಿಸುವಂತೆ ಕೆಲಸ ಕೊಟ್ಟವರಿಗೆ ಅಪ್ಪಣೆ ಮಾಡಬಹುದು.

ಹೊರನಾಡಿನಲ್ಲಿರುವ ನಮಗೆ ಮುಖ್ಯವಾದುದೊಂದಿದೆ: ಅರ್ಜಿ ಹಾಕಲು ಊರಿಗೆ ಓಡಬೇಕಾಗಿಲ್ಲ, ತೌರಿಗೆ ಹೋದವಳು ಪುಣೆಗೆ ಮರಳಬೇಕಾಗಿಯೂ ಇಲ್ಲ. ತಾತ್ಕಾಲಿಕವಾಗಿ ತಂಗಿರುವಲ್ಲಿಯೇ ಸಲ್ಲಿಸಬಹುದು. ಆದಾಯವೆಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಆ ರಾತ್ರಿಯ ಸೂರಿಗೆ ಸರ್ಕಾರದ ಸಖಿ ಕೇಂದ್ರಗಳಿವೆ. ಮಹಿಳಾ ಸಹಾಯವಾಣಿಯ ನಂಬರು 181.

ನೆರೆಮನೆಯ ಸೋದರಿ ಅಳುತ್ತ ಬಂದಾಗ "ಹೇಗೋ ಹೊಂದಿಕೊಂಡು ಹೋಗಮ್ಮ" ಎನ್ನುವ ಮೊದಲು, ಈ ನಾಲ್ಕು ಮಾತು ತಿಳಿಸಿರಿ.